ಬಾವಿ ನೀರು ಮನೆಯವರಿಗೆ ಸಿಹಿ, ಅಕ್ವೇರಿಯಂ ಮೀನಿಗೆ ಯಾಕೆ ಆಗುವುದಿಲ್ಲ? ಹಾಕುವ ಮೊದಲು ಮಾಡಬೇಕಾದ್ದು ಇಷ್ಟು

ಪುತ್ತೂರು: ಆದಿತ್ಯವಾರ ಬೆಳಿಗ್ಗೆ ಅಕ್ವೇರಿಯಂ ಕ್ಲೀನ್ ಮಾಡುವುದು ಮೀನು ಸಾಕುವ ಹೆಚ್ಚಿನ ಮನೆಗಳ ಕ್ರಮ. ಮೀನನ್ನು ಬಾಲ್ದಿಗೆ ಹಾಕುವುದು, ಟ್ಯಾಂಕ್‌ನ ನೀರನ್ನು ಪೂರ್ತಿ ಚೆಲ್ಲುವುದು, ಕಲ್ಲು, ಗಾಜು, ಫಿಲ್ಟರ್ ಎಲ್ಲ ತಿಕ್ಕಿ ತೊಳೆಯುವುದು, ಪಂಪ್ ಹಾಕಿ ಬಾವಿಯ ಹೊಸ ನೀರು ತುಂಬಿಸುವುದು. ಮಧ್ಯಾಹ್ನ ನೋಡಲಿಕ್ಕೆ ಕನ್ನಡಿಯ ಹಾಗೆ ಇರುತ್ತದೆ. ಸಂಜೆಗೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಸೋಮವಾರ ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಡುವ ಮೊದಲೇ ಎರಡೋ ಮೂರೋ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿರುತ್ತವೆ.

ಅಲ್ಲಿಂದ ಜಗಳ ಅಂಗಡಿಗೆ ಬರುತ್ತದೆ. "ಅಣ್ಣ, ನೀವು ಕೊಟ್ಟದ್ದು ರೋಗದ ಮೀನು" ಎಂದು ಗಿರಾಕಿ. "ನನ್ನ ಟ್ಯಾಂಕ್‌ನಲ್ಲಿ ಹದಿನೈದು ದಿನ ಚೆನ್ನಾಗಿತ್ತು ಮಾರಾಯ್ರೆ, ನೀವು ಎಂತ ನೀರು ಹಾಕಿದ್ದು?" ಎಂದು ಅಂಗಡಿಯವರು. "ನಮ್ಮದು ಬಾವಿ ನೀರು, ನಾವೇ ಕುಡಿಯುವುದು, ಒಂದು ಚೂರು ಕ್ಲೋರಿನ್ ಇಲ್ಲ" ಎಂಬುದು ಗಿರಾಕಿಯ ಉತ್ತರ. ಕೊನೆಗೆ ಒಂದು ಬಾಟಲಿ ಆಂಟಿ ಕ್ಲೋರಿನ್ ಮತ್ತು ಎರಡು ಹೊಸ ಮೀನು ಮಾರಾಟವಾಗಿ ಮಾತು ಮುಗಿಯುತ್ತದೆ. ಮುಂದಿನ ತಿಂಗಳು ಪುನಃ ಅದೇ ಕಥೆ.

ಇಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೀನಿಗೆ ರೋಗ ಇರಲಿಲ್ಲ, ನೀರಿನಲ್ಲಿ ಕ್ಲೋರಿನ್ ಕೂಡ ಇರಲಿಲ್ಲ. ಕ್ಲೋರಿನ್ ಇಲ್ಲದ ನೀರಿಗೆ ಆಂಟಿ ಕ್ಲೋರಿನ್ ಹಾಕಿದರೆ ಏನೂ ಆಗುವುದಿಲ್ಲ, ಅಷ್ಟೆ. ಬಾವಿ ನೀರಿನ ತೊಂದರೆಯೇ ಬೇರೆ. ಅದಕ್ಕೆ ಬೇಕಾದ್ದು ಬಾಟಲಿಯ ಔಷಧಿಗಿಂತ ಹೆಚ್ಚಾಗಿ ಗಾಳಿ, ಒಂದು ದಿನದ ಸಮಯ, ಮತ್ತೆ ಒಂದು ಮುಷ್ಟಿ ಚಿಪ್ಪು.

ಬಾವಿಯಲ್ಲೇ ಮೀನು ಬದುಕ್ತದಲ್ಲ?

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಪ್ರಶ್ನೆ ಸರಿಯೇ. ಸೊಳ್ಳೆ ಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಾವಿ, ಕೆರೆಗಳಿಗೆ ಗಪ್ಪಿ, ಗಂಬೂಸಿಯಾ ಮೀನು ಬಿಡುವುದುಂಟು. ಅವು ಅಲ್ಲೇ ಮರಿ ಹಾಕಿ ವರ್ಷಗಟ್ಟಲೆ ಇರುತ್ತವೆ.

ಆದರೆ ಲೆಕ್ಕ ಹಾಕಿ ನೋಡಿ. 6 ಅಡಿ ಅಗಲದ ಬಾವಿಯಲ್ಲಿ 10 ಅಡಿ ನೀರು ಇದ್ದರೆ ಅದು ಸುಮಾರು 8,000 ಲೀಟರ್. ಮನೆಯಲ್ಲಿರುವ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಹಿಡಿಯುವುದು 56 ಲೀಟರ್, ಕಲ್ಲು ಹಾಕಿದ ಮೇಲೆ 50 ಲೀಟರ್. ಬಾವಿಯ ಮೀನು ಅಷ್ಟು ದೊಡ್ಡ ನೀರಿನಲ್ಲಿ, ಗಾಳಿ ತಾಗುವ ಮೇಲಿನ ಪದರದಲ್ಲಿ ಓಡಾಡಿಕೊಂಡು ಇರುತ್ತದೆ. ಪಂಪ್ ಎಳೆಯುವುದು ಕೆಳಗಿನ ನೀರನ್ನು. ಅದೂ ಅಲ್ಲದೆ ಬಾವಿಯ ಮೀನು ಆ ನೀರಿಗೆ ನಿಧಾನಕ್ಕೆ ಒಗ್ಗಿಕೊಂಡದ್ದು. ಅಂಗಡಿಯ ಮೀನಿಗೆ ನೀರು ಬದಲಾಗುವುದು ಒಂದೇ ಗಳಿಗೆಯಲ್ಲಿ.

ಪಂಪ್‌ನಿಂದ ಬಂದ ನೀರಿನಲ್ಲಿ ಏನು ಹೆಚ್ಚು, ಏನು ಕಡಿಮೆ?

ನೆಲದ ಒಳಗಿನ ನೀರಿಗೆ ಗಾಳಿಯ ಸಂಪರ್ಕ ಕಡಿಮೆ. ಹಾಗಾಗಿ ಅದರಲ್ಲಿ ಮೀನು ಉಸಿರಾಡಲು ಬೇಕಾದ ಆಮ್ಲಜನಕ ಕಡಿಮೆ ಇರುತ್ತದೆ. ಮಣ್ಣಿನಲ್ಲಿ ಬೇರು, ಕೊಳೆತ ಎಲೆ, ಸೂಕ್ಷ್ಮಜೀವಿ ಎಲ್ಲ ಬಿಡುವ ಇಂಗಾಲದ ಡೈ ಆಕ್ಸೈಡ್ ಆ ನೀರಿನಲ್ಲಿ ಕರಗಿರುತ್ತದೆ. ಸೋಡಾ ಬಾಟಲಿಯಲ್ಲಿರುವುದೂ ಅದೇ ಅನಿಲ. ಕುಡಿಯುವವರಿಗೆ ಇದರಿಂದ ತೊಂದರೆ ಇಲ್ಲ. ಮೀನಿಗೆ ಮಾತ್ರ ಒಂದೇ ಸಲಕ್ಕೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ನೀರು ಹಾಕಿದ ಸ್ವಲ್ಪ ಹೊತ್ತಿಗೆ ಮೀನೆಲ್ಲ ಮೇಲೆ ಬಂದು ಬಾಯಿ ಆಡಿಸುವುದಕ್ಕೆ ಒಂದು ಮುಖ್ಯ ಕಾರಣ ಇದು.

ಇಂಗಾಲದ ಡೈ ಆಕ್ಸೈಡ್ ನೀರನ್ನು ಹುಳಿ ಕೂಡ ಮಾಡುತ್ತದೆ. ನೀರಿನ ಹುಳಿ ಎಷ್ಟು ಎಂದು ಹೇಳುವ ಅಳತೆ ಪಿಎಚ್. 7 ಎಂದರೆ ಸಮ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದು ಅಂಕ ಇಳಿದರೆ ಹುಳಿ 10 ಪಟ್ಟು ಹೆಚ್ಚಾಯಿತು ಎಂದು ಅರ್ಥ. ಹಾಗಾಗಿ 7ರ ನೀರಿನಿಂದ 6ರ ನೀರಿಗೆ ಹೋಗುವುದು ಮೀನಿಗೆ ಸಣ್ಣ ವಿಷಯ ಅಲ್ಲ.

ಇದಕ್ಕೆ ಮನೆಯಲ್ಲೇ ಮಾಡುವ ಪರೀಕ್ಷೆ ಒಂದುಂಟು. ಪಂಪ್‌ನಿಂದ ಬಂದ ಕೂಡಲೇ ಒಂದು ಗ್ಲಾಸ್ ನೀರಿನ ಪಿಎಚ್ ನೋಡಿ ಬರೆದಿಡಿ. ಅದೇ ನೀರನ್ನು ಒಂದು ಬಾಲ್ದಿಗೆ ಹಾಕಿ, ಏರ್ ಪಂಪ್‌ನ ಕಲ್ಲು ಬಿಟ್ಟು 24 ಗಂಟೆ ಗುಳ್ಳೆ ಬರಿಸಿ. ನಂತರ ಪುನಃ ನೋಡಿ. ಪಿಎಚ್ ಚೆನ್ನಾಗಿ ಏರಿದ್ದರೆ ಹುಳಿಗೆ ಕಾರಣ ಅನಿಲ, ಅದು ಗಾಳಿಗೆ ಹಾರಿಹೋಗಿದೆ. ಹೆಚ್ಚೇನೂ ಏರದೆ 6ರ ಆಸುಪಾಸಿನಲ್ಲೇ ನಿಂತರೆ ತೊಂದರೆ ಬೇರೆ ಕಡೆ ಉಂಟು. ಅದು ನಮ್ಮ ಊರಿನ ಕಲ್ಲಿನದ್ದು.

ಮುರಕಲ್ಲಿನ ಬಾವಿಯ ನೀರು ಯಾಕೆ ಇಷ್ಟು ಮೆದು?

ಪುತ್ತೂರು, ಸುಳ್ಯ, ಬೆಳ್ತಂಗಡಿ, ಬಂಟ್ವಾಳ ಕಡೆಯ ಹೆಚ್ಚಿನ ತೆರೆದ ಬಾವಿ ಮುರಕಲ್ಲಿನಲ್ಲಿ ತೋಡಿದ್ದು. ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುತ್ತದೆ. ಸಾವಿರಾರು ವರ್ಷದ ಈ ಮಳೆ ಕಲ್ಲಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ತೊಳೆದು ಸಮುದ್ರಕ್ಕೆ ಒಯ್ದಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕಲ್ಲಿಗೆ ಕೆಂಪು ಬಣ್ಣ ಬಂದದ್ದು ಆ ಕಬ್ಬಿಣದಿಂದ.

ಹೀಗಾಗಿ ಇಲ್ಲಿನ ಬಾವಿ ನೀರು ಸಾಮಾನ್ಯವಾಗಿ ಮೆದು ಮತ್ತು ಸ್ವಲ್ಪ ಹುಳಿ. ಸಾಬೂನು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ. ಹಿತ್ತಾಳೆ ನಲ್ಲಿಯ ಕೆಳಗೆ ಬೇಸಿನ್‌ನಲ್ಲಿ ಹಸಿರು ಕಲೆ ಬಿದ್ದಿದ್ದರೆ ಆ ನೀರು ಹುಳಿ ಎಂದು ತಿಳಿಯಬಹುದು. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗೆ ಇರಬೇಕು. ಮುರಕಲ್ಲಿನ ಬಾವಿಗಳಲ್ಲಿ 6.5ಕ್ಕಿಂತ ಕೆಳಗೆ ಸಿಗುವುದು ಅಪರೂಪ ಅಲ್ಲ.

ಇಲ್ಲಿ ಅಕ್ವೇರಿಯಂನವರು ತಿಳಿಯಬೇಕಾದ ಇನ್ನೊಂದು ಅಳತೆ ಕೆಎಚ್. ನೀರಿನಲ್ಲಿ ಹುಳಿಯನ್ನು ತಡೆದುಕೊಳ್ಳುವ ಕಾರ್ಬೊನೇಟ್, ಬೈಕಾರ್ಬೊನೇಟ್ ಎಷ್ಟು ಉಂಟು ಎಂದು ಇದು ಹೇಳುತ್ತದೆ. ಬ್ಯಾಂಕಿನಲ್ಲಿ ಇಟ್ಟ ದುಡ್ಡಿನ ಹಾಗೆ. ಮೀನಿನ ಹೇಲಿನಿಂದ, ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಫಿಲ್ಟರ್‌ನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಮಾಡುತ್ತದೆ. ಈ ಕೆಲಸದಲ್ಲಿ ದಿನಾ ಸ್ವಲ್ಪ ಹುಳಿ ಹುಟ್ಟುತ್ತದೆ, ದಿನಾ ಸ್ವಲ್ಪ ಕೆಎಚ್ ಖರ್ಚಾಗುತ್ತದೆ. ನಮ್ಮ ಬಾವಿ ನೀರಿನಲ್ಲಿ ಈ ದುಡ್ಡು ಮೊದಲೇ ಕಡಿಮೆ. ಖಾಲಿಯಾದ ದಿನ ಪಿಎಚ್ ಧಡಕ್ಕನೆ ಕೆಳಗೆ ಬೀಳುತ್ತದೆ. ಆಗ ಬ್ಯಾಕ್ಟೀರಿಯಾದ ಕೆಲಸವೂ ನಿಧಾನವಾಗುತ್ತದೆ, ಅಮೋನಿಯಾ ಸೇರಲು ಶುರುವಾಗುತ್ತದೆ. "ಮೂರು ತಿಂಗಳು ಎಲ್ಲ ಸರಿ ಇತ್ತು, ಒಂದೇ ವಾರದಲ್ಲಿ ಎಲ್ಲ ಹೋಯಿತು" ಎಂದು ಹೇಳುವವರ ಟ್ಯಾಂಕ್‌ನಲ್ಲಿ ಹಲವು ಸಲ ನಡೆದಿರುವುದು ಇದು.

ಅಂಗಡಿಗಳಲ್ಲಿ ಟಿಡಿಎಸ್ ಮೀಟರ್ ಅದ್ದಿ "60 ಉಂಟು, ಸೂಪರ್ ನೀರು" ಎಂದು ಹೇಳುವುದುಂಟು. ಟಿಡಿಎಸ್ ಹೇಳುವುದು ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಎಂದು ಮಾತ್ರ. ಅದು ಪಿಎಚ್ ಹೇಳುವುದಿಲ್ಲ, ಅಮೋನಿಯಾ ಹೇಳುವುದಿಲ್ಲ, ಇಂಗಾಲದ ಡೈ ಆಕ್ಸೈಡ್ ಹೇಳುವುದಿಲ್ಲ. ಅಷ್ಟು ಕಡಿಮೆ ಟಿಡಿಎಸ್ ಎಂದರೆ ಕೆಎಚ್ ಕೂಡ ಕಡಿಮೆ ಎಂದೇ ಲೆಕ್ಕ.

ಚಿಪ್ಪು, ಅಡುಗೆ ಸೋಡಾ: ಯಾವುದು, ಎಷ್ಟು?

ಸುಲಭದ ದಾರಿ ಚಿಪ್ಪು. ಮರುವಾಯಿ ತಿಂದ ಮೇಲೆ ಬಿಸಾಡುವ ಚಿಪ್ಪನ್ನು ಚೆನ್ನಾಗಿ ಕುದಿಸಿ, ಮಾಂಸದ ಚೂರು ಉಳಿಯದ ಹಾಗೆ ತಿಕ್ಕಿ, ಬಿಸಿಲಿನಲ್ಲಿ ಒಣಗಿಸಿ, ಜಜ್ಜಿ, ಒಂದು ನೆಟ್ಟಿನ ಚೀಲದಲ್ಲಿ ಕಟ್ಟಿ ಫಿಲ್ಟರ್ ಹತ್ತಿರ ಇಡಬಹುದು. 50 ಲೀಟರ್ ಟ್ಯಾಂಕ್‌ಗೆ ಒಂದು ಮುಷ್ಟಿಯಿಂದ ಶುರು ಮಾಡಿದರೆ ಸಾಕು. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಹುಳಿಯಾದಾಗ ಹೆಚ್ಚು ಕರಗುತ್ತದೆ, ಸಮಕ್ಕೆ ಬಂದಾಗ ಕರಗುವುದು ಕಡಿಮೆಯಾಗುತ್ತದೆ. ಹಾಗಾಗಿ ಒಂದೇ ಸಲಕ್ಕೆ ಹೆಚ್ಚಾಗುವ ಹೆದರಿಕೆ ಇಲ್ಲ. ವರ್ಷಕ್ಕೆ ಒಂದೆರಡು ಸಲ ಹೊಸದು ಹಾಕಬೇಕು.

ಬೇಗ ಆಗಬೇಕಾದರೆ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ, ಬಟ್ಟೆ ಒಗೆಯುವ ಸೋಡಾ ಖಂಡಿತ ಅಲ್ಲ. 15 ಲೀಟರ್‌ನ ಒಂದು ಬಾಲ್ದಿ ನೀರಿಗೆ ಕಾಲು ಟೀ ಚಮಚ ಹಾಕಿದರೆ ಕೆಎಚ್ ಸುಮಾರು 3 ಡಿಗ್ರಿ ಏರುತ್ತದೆ. ಇದನ್ನು ಬಾಲ್ದಿಯ ನೀರಿಗೆ ಹಾಕಿ ಕರಗಿಸಬೇಕೇ ಹೊರತು ಮೀನಿರುವ ಟ್ಯಾಂಕ್‌ಗೆ ಸುರಿಯಬಾರದು.

ಎಲೆಗೆ ಹಚ್ಚುವ ಸುಣ್ಣ ಹಾಕಿದರೆ ಆಗದಾ ಎಂದು ಕೇಳುವವರಿದ್ದಾರೆ. ಬೇಡ. ಸುಣ್ಣ ತುಂಬ ಖಾರ, ಒಂದು ಚಿಟಿಕೆಗೆ ಪಿಎಚ್ ಎಲ್ಲಿಗೋ ಹೋಗುತ್ತದೆ. ಇನ್ನೊಂದು ಅಪಾಯವೂ ಉಂಟು. ಹುಳಿ ನೀರಿನಲ್ಲಿ ಅಮೋನಿಯಾದ ಹೆಚ್ಚಿನ ಪಾಲು ಮೀನಿಗೆ ಅಷ್ಟು ಹಾನಿ ಮಾಡದ ರೂಪದಲ್ಲಿ ಇರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷದ ರೂಪ ಸುಮಾರು 10 ಪಟ್ಟು ಹೆಚ್ಚಾಗುತ್ತದೆ. ಕೊಳೆ ತುಂಬಿದ ಹಳೆಯ ಟ್ಯಾಂಕ್‌ಗೆ ಸುಣ್ಣ ಹಾಕಿ "ಸರಿ ಮಾಡಲು" ಹೋದವರು ಮೀನನ್ನು ತಾವೇ ಕೊಂದ ಹಾಗೆ ಆಗುತ್ತದೆ. ಅಂಥ ಟ್ಯಾಂಕ್‌ನಲ್ಲಿ ಮೊದಲು ಸ್ವಲ್ಪ ಸ್ವಲ್ಪವೇ ನೀರು ಬದಲಿಸಿ ಅಮೋನಿಯಾ ಇಳಿಸಬೇಕು, ಪಿಎಚ್ ಏರಿಸುವುದು ಆಮೇಲೆ.

ಕಬ್ಬಿಣದ ನೀರು: ಮೊದಲು ಗಾಳಿ, ಆಮೇಲೆ ಸೋಸುವುದು

ಬಾವಿಯಿಂದ ತೆಗೆಯುವಾಗ ತಿಳಿಯಾಗಿ ಇದ್ದ ನೀರು ಮರುದಿನ ಹಳದಿ ಆಗಿ, ತಳದಲ್ಲಿ ಕಂದು ಕೆಸರು ಕೂತರೆ ಅದರಲ್ಲಿ ಕಬ್ಬಿಣ ಉಂಟು. ಕರಗಿದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ. ಗಾಳಿ ತಾಗಿದಾಗ ತುಕ್ಕಾಗಿ ಗಟ್ಟಿಯಾಗುತ್ತದೆ. ಈ ಕೆಲಸ ಅಕ್ವೇರಿಯಂನ ಒಳಗೆ ನಡೆದರೆ ತುಕ್ಕು ಮೀನಿನ ಕಿವಿರಿನ ಮೇಲೆಯೇ ಕೂರುತ್ತದೆ.

ಹೆಚ್ಚಿನವರು ತಪ್ಪುವುದು ಕ್ರಮದಲ್ಲಿ. ನಲ್ಲಿಗೆ ಬಟ್ಟೆ ಕಟ್ಟಿ, ಇಲ್ಲ ಕ್ಯಾಂಡಲ್ ಫಿಲ್ಟರ್ ಹಾಕಿ ಮೊದಲು ಸೋಸುತ್ತಾರೆ. ಕರಗಿದ್ದು ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಮೊದಲು ಒಂದು ದಿನ ಗಾಳಿ ಬಿಡಬೇಕು, ಆಮೇಲೆ ಕೆಲವು ಗಂಟೆ ಕದಡದೆ ಬಿಡಬೇಕು, ಕೊನೆಗೆ ಮೇಲಿನ ತಿಳಿಯನ್ನು ಫಿಲ್ಟರ್ ಹತ್ತಿ ಅಥವಾ ದಪ್ಪ ಬಟ್ಟೆಯಲ್ಲಿ ಸೋಸಬೇಕು. ತಳದ ನೀರನ್ನು ತೆಂಗಿನ ಬುಡಕ್ಕೆ ಹಾಕಬಹುದು. ನೀರು ಹುಳಿ ಇದ್ದರೆ ಕಬ್ಬಿಣ ಗಟ್ಟಿಯಾಗುವುದು ತುಂಬ ನಿಧಾನ. ಅಂಥ ನೀರಿನ ಡ್ರಮ್‌ಗೂ ಒಂದು ಚೀಲ ಚಿಪ್ಪು ಹಾಕಿದರೆ ಕೆಲಸ ಬೇಗ ಆಗುತ್ತದೆ.

ಕೊಳೆತ ಮೊಟ್ಟೆಯ ವಾಸನೆ ಬರುವ ನೀರಿಗೂ ಇದೇ ಮದ್ದು. ವಾಸನೆ ಪೂರ್ತಿ ಹೋಗುವ ತನಕ ಗಾಳಿ ಬಿಡಬೇಕು, ವಾಸನೆ ಇದ್ದರೆ ಆ ನೀರು ಬೇಡವೇ ಬೇಡ.

ಬ್ಲೀಚಿಂಗ್ ಪೌಡರ್ ಹಾಕಿದ ಬಾವಿ

ಮಳೆಗಾಲ ಶುರುವಾದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಮನೆಯವರ ಆರೋಗ್ಯಕ್ಕೆ ಒಳ್ಳೆಯದು, ಅದನ್ನು ಮೀನಿಗಾಗಿ ನಿಲ್ಲಿಸಬಾರದು. ಸಾಮಾನ್ಯ ಲೆಕ್ಕ 1,000 ಲೀಟರ್‌ಗೆ ಒಳ್ಳೆಯ ಗುಣಮಟ್ಟದ ಪೌಡರ್ 2.5 ಗ್ರಾಂ. ಅಂದರೆ ಮೇಲೆ ಹೇಳಿದ 8,000 ಲೀಟರ್‌ನ ಬಾವಿಗೆ ಸುಮಾರು 20 ಗ್ರಾಂ. ಆದರೆ ಅಳೆದು ಹಾಕುವವರು ಕಡಿಮೆ, ಮುಷ್ಟಿಯಲ್ಲಿ ಹಾಕುವವರೇ ಹೆಚ್ಚು.

ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಫಿಲ್ಟರ್‌ನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆಂಟಿ ಕ್ಲೋರಿನ್ ಬಾಟಲಿಗೆ ಕೆಲಸ ಇರುವುದು ಇಲ್ಲಿ, ಮತ್ತೆ ಪೇಟೆಯ ನಲ್ಲಿ ನೀರಿನಲ್ಲಿ. ಅದರಲ್ಲಿರುವುದು ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್. ಬಾಟಲಿಯ ಮೇಲೆ ಬರೆದ ಲೆಕ್ಕದಲ್ಲೇ ಹಾಕಬೇಕು. ಬಾಟಲಿ ಇಲ್ಲದಿದ್ದರೆ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಬಿಸಿಲಿಗೆ ಇಟ್ಟು, ಗಾಳಿ ಬಿಟ್ಟು ಒಂದೆರಡು ದಿನ ಕಾಯಬೇಕು. ಎಲ್ಲಕ್ಕಿಂತ ಸುಲಭ ಇನ್ನೊಂದು. ಬಾವಿಗೆ ಪೌಡರ್ ಹಾಕುವ ಹಿಂದಿನ ದಿನವೇ ಡ್ರಮ್ ತುಂಬಿಸಿಟ್ಟುಕೊಳ್ಳುವುದು.

ಅಡಿಕೆಗೆ ಮದ್ದು ಬಿಡುವ ಸಮಯ, ಜಾಗ್ರತೆ

ತೋಟ ಇರುವ ಮನೆಗಳವರು ಇದನ್ನು ಓದಲೇಬೇಕು. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತು ಎಂದರೆ ತಾಮ್ರ. ಮನುಷ್ಯರು ತಡೆದುಕೊಳ್ಳುವ ಎಷ್ಟೋ ಕಡಿಮೆ ತಾಮ್ರವನ್ನೂ ಮೀನು ತಡೆದುಕೊಳ್ಳುವುದಿಲ್ಲ. ಸೀಗಡಿ, ಬಸವನಹುಳು ಸಾಕುವವರಿಗಂತೂ ಇನ್ನೂ ಕಷ್ಟ. ನೀರು ಮೆದು ಇದ್ದಷ್ಟೂ ತಾಮ್ರದ ವಿಷ ಜೋರು. ನಮ್ಮ ನೀರು ಮೆದು ಎಂಬುದು ಇಲ್ಲಿ ಪುನಃ ತೊಂದರೆ ಕೊಡುತ್ತದೆ.

ನೆಲಕ್ಕೆ ಬಿದ್ದ ತಾಮ್ರವನ್ನು ಮಣ್ಣು ಹಿಡಿದುಕೊಳ್ಳುತ್ತದೆ, ಬಾವಿಗೆ ಸುಲಭದಲ್ಲಿ ಇಳಿಯುವುದಿಲ್ಲ. ಅಪಾಯ ಹೆಚ್ಚು ಇರುವುದು ಮೂರು ಕಡೆ. ಒಂದು, ಮದ್ದು ಕಲಸಿದ ಬಾಲ್ದಿ, ಡ್ರಮ್ ಅಥವಾ ಕೋಲು. ತೊಳೆದರೂ ಅದನ್ನು ಅಕ್ವೇರಿಯಂಗೆ ಬಳಸಬಾರದು. ಎರಡು, ತೋಟದ ಮಧ್ಯೆ ಬಾಯಿ ತೆರೆದಿರುವ ಬಾವಿ. ಮದ್ದು ಬಿಡುವ ದಿನ ಅದನ್ನು ಟಾರ್ಪಾಲಿನಿಂದ ಮುಚ್ಚಬೇಕು, ಬರೀ ಬಲೆ ಸಾಲದು. ಮೂರು, ಅಡಿಕೆ ಮರದ ಬುಡದಲ್ಲಿರುವ ಮಾಡಿನಿಂದ ಹಿಡಿದ ಮಳೆ ನೀರು. ಮದ್ದು ಬಿಟ್ಟ ಮೇಲಿನ ಮಳೆಯಲ್ಲಿ ಅದನ್ನು ಟ್ಯಾಂಕ್‌ಗೆ ಹಾಕಬೇಡಿ.

ಬಚ್ಚಲಿನ ತಾಮ್ರದ ಹಂಡೆಯಲ್ಲಿ ರಾತ್ರಿ ಇಟ್ಟ ನೀರು ಕೂಡ ಬೇಡ. ಹುಳಿ ನೀರು ತಾಮ್ರವನ್ನು ಕರಗಿಸುತ್ತದೆ.

ಬೋರ್‌ವೆಲ್ ಇದ್ದವರಿಗೆ

ಬೋರ್‌ವೆಲ್ ನೀರು ಆಳದ ಬಂಡೆಯಿಂದ ಬರುವುದರಿಂದ ತೆರೆದ ಬಾವಿಗಿಂತ ಗಡಸು ಇರಬಹುದು. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟಿದರೆ, ಸಾಬೂನು ನೊರೆ ಬರದಿದ್ದರೆ ಅದು ಗಡಸು ನೀರು. ಅದಕ್ಕೆ ಚಿಪ್ಪು ಬೇಡ, ಸೋಡಾ ಬೇಡ. ಗಾಳಿ ಬಿಡುವುದು ಮಾತ್ರ ಬೇಕೇ ಬೇಕು. ಸಮುದ್ರ, ಅಳಿವೆ ಹತ್ತಿರದವರ ಬಾವಿಗೆ ಬೇಸಿಗೆಯಲ್ಲಿ ಉಪ್ಪು ಬರುವುದುಂಟು. ಬಾಯಿಗೆ ಉಪ್ಪು ಹತ್ತುವ ನೀರು ಹೆಚ್ಚಿನ ಅಕ್ವೇರಿಯಂ ಮೀನಿಗೆ ಆಗುವುದಿಲ್ಲ.

ನೀರನ್ನು ಬದಲಿಸುವುದಕ್ಕಿಂತ ನೀರಿಗೆ ಸರಿಯಾದ ಮೀನು ತರುವುದು ಸುಲಭ. ಮೆದು ನೀರಿನವರಿಗೆ ಟೆಟ್ರಾ, ರಾಸ್ಬೋರಾ, ಏಂಜಲ್, ಗೌರಾಮಿ, ಫೈಟರ್ ಹೊಂದುತ್ತವೆ. ಪಶ್ಚಿಮ ಘಟ್ಟದ ಹೊಳೆಗಳದ್ದೇ ಆದ, ಅಂಗಡಿಯಲ್ಲಿ 'ಮಿಸ್ ಕೇರಳ' ಎಂದು ಕರೆಯುವ ಡೆನಿಸನ್ ಬಾರ್ಬ್ ಕೂಡ ಇಂಥ ನೀರಿನದ್ದೇ, ಆದರೆ ಅದಕ್ಕೆ ದೊಡ್ಡ ಟ್ಯಾಂಕ್ ಮತ್ತು ತುಂಬ ಗಾಳಿ ಬೇಕು. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಗಡಸು ನೀರಿನವು. ಮೋಲಿ ರೆಕ್ಕೆ ಮಡಚಿ ನಿಂತಲ್ಲೇ ನಡುಗುತ್ತಿದ್ದರೆ ಔಷಧಿ ಹಾಕುವ ಮೊದಲು ನೀರು ತೀರಾ ಮೆದು ಆಯಿತೋ ಎಂದು ನೋಡಬೇಕು.

ಇವುಗಳಿಂದ ಕೆಲಸ ಆಗುವುದಿಲ್ಲ

ಕುದಿಸುವುದು: ಕ್ರಿಮಿ ಸಾಯುತ್ತದೆ, ಆದರೆ ನೀರಿನಲ್ಲಿದ್ದ ಆಮ್ಲಜನಕವೂ ಹೋಗುತ್ತದೆ. ಆರಿದ ಮೇಲೆ ಪುನಃ ಗಾಳಿ ಬಿಡಲೇಬೇಕು.

ಯುವಿ ಫಿಲ್ಟರ್: ಕ್ರಿಮಿಗೆ ಮಾತ್ರ. ಕರಗಿದ ಕಬ್ಬಿಣ, ಹುಳಿ, ನೈಟ್ರೇಟ್ ಹಾಗೆಯೇ ಉಳಿಯುತ್ತದೆ.

ಆರ್‌ಒ ನೀರು: ಲವಣ ಎಲ್ಲ ತೆಗೆದುಹಾಕುತ್ತದೆ. ಮೊದಲೇ ಮೆದು ಇರುವ ನೀರನ್ನು ಆರ್‌ಒ ಮಾಡಿ ಹಾಕಿದರೆ ತೊಂದರೆ ಹೆಚ್ಚು. ಗಡಸು ಬೋರ್ ನೀರಿಗೆ ಬೆರೆಸಲು ಮಾತ್ರ ಉಪಯೋಗ.

ಪಟಿಕ: ಮಳೆಗಾಲದ ಕೆಸರು ನೀರನ್ನು ತಿಳಿ ಮಾಡುತ್ತದೆ, ಆದರೆ ಇರುವ ಸ್ವಲ್ಪ ಕೆಎಚ್ ಅನ್ನೂ ತಿಂದು ಪಿಎಚ್ ಇಳಿಸುತ್ತದೆ. ನಮ್ಮ ನೀರಿಗೆ ಬೇಡ. ಕೆಸರು ತಾನಾಗಿ ಕೂರಲಿ.

ಮನೆಯಲ್ಲಿ ಮಾಡುವ ಕ್ರಮ

1. 50 ಅಥವಾ 100 ಲೀಟರ್‌ನ ಹೊಸ ಪ್ಲಾಸ್ಟಿಕ್ ಡ್ರಮ್ ಅಕ್ವೇರಿಯಂಗೆಂದೇ ಇಡಿ. ಕೀಟನಾಶಕ, ಫಿನಾಯಿಲ್ ಇದ್ದ ಡ್ರಮ್ ಬೇಡ, ಸಾಬೂನು ಹಾಕಿ ತೊಳೆಯಬೇಡಿ.

2. ಪಂಪ್ ಹಾಕಿ ಮೊದಲ ಒಂದೆರಡು ನಿಮಿಷದ ನೀರು ಗಿಡಕ್ಕೆ ಬಿಟ್ಟು, ಆಮೇಲಿನ ನೀರು ತುಂಬಿಸಿ. ಪೈಪ್‌ನಲ್ಲಿ ನಿಂತ ನೀರು ಬೇಡ.

3. ಏರ್ ಪಂಪ್ ಹಾಕಿ 24 ಗಂಟೆ ಗಾಳಿ ಬಿಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಒಂದು ಬಾಲ್ದಿಯಿಂದ ಇನ್ನೊಂದಕ್ಕೆ ಎತ್ತರದಿಂದ ಇಪ್ಪತ್ತು, ಮೂವತ್ತು ಸಲ ಹೊಯ್ದರೂ ಆಗುತ್ತದೆ.

4. ಹುಳಿ ನೀರಾದರೆ ಚಿಪ್ಪಿನ ಚೀಲ ಡ್ರಮ್‌ನಲ್ಲೇ ಇರಲಿ. ಕಬ್ಬಿಣ ಇದ್ದರೆ ಕದಡದೆ ಬಿಟ್ಟು, ಮೇಲಿನ ತಿಳಿ ಸೋಸಿ.

5. ಡ್ರಮ್‌ಗೆ ತೆಳು ಬಟ್ಟೆ ಕಟ್ಟಿ. ಡೆಂಗಿ ಸೊಳ್ಳೆ ನಿಂತ ನೀರಿನಲ್ಲಿ ಒಂದು ವಾರದಿಂದ ಹತ್ತು ದಿನದಲ್ಲಿ ಬೆಳೆದು ಹಾರುತ್ತದೆ. ಬಳಸದ ನೀರು ವಾರಗಟ್ಟಲೆ ಇಡಬೇಡಿ.

6. ಪಿಎಚ್ ಮತ್ತು ಕೆಎಚ್ ನೋಡಿ. ಕೆಎಚ್ 3ರಿಂದ 4 ಡಿಗ್ರಿ ಇದ್ದರೆ ಸಾಮಾನ್ಯ ಟ್ಯಾಂಕ್‌ಗೆ ಧೈರ್ಯ. ಪಿಎಚ್ ಇಂತಿಷ್ಟೇ ಇರಬೇಕು ಎಂದು ಹಠ ಬೇಡ, ದಿನಾ ಒಂದೇ ಹಾಗೆ ಇರುವುದು ಮುಖ್ಯ.

7. ನೀರು ಪೂರ್ತಿ ಬದಲಿಸುವುದು ನಿಲ್ಲಿಸಿ. ವಾರಕ್ಕೆ ನಾಲ್ಕನೇ ಒಂದು ಪಾಲು, ಅಂದರೆ 2 ಅಡಿಯ ಟ್ಯಾಂಕ್‌ಗೆ ಒಂದು ಬಾಲ್ದಿ ಸಾಕು. ನಿಧಾನಕ್ಕೆ ಹಾಕಿ.

8. ಫಿಲ್ಟರ್‌ನ ಸ್ಪಂಜನ್ನು ಟ್ಯಾಂಕ್‌ನಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ ತೊಳೆಯಿರಿ. ತಿಕ್ಕಿ ತಿಕ್ಕಿ ಬಿಳಿ ಮಾಡಿದರೆ ಬ್ಯಾಕ್ಟೀರಿಯಾವೂ ಹೋಗುತ್ತದೆ.

ಮೊದಲ ಮಳೆಯ ವಾರದಲ್ಲಿ ಅಂಗಳದ, ಹಟ್ಟಿಯ ಕೊಳೆ ಎಲ್ಲ ಬಾವಿಗೆ ಇಳಿದು ನೀರು ಕದಡಿರುತ್ತದೆ. ಆ ವಾರ ನೀರು ಬದಲಿಸದೆ, ಮೀನಿಗೆ ಆಹಾರ ಕಡಿಮೆ ಮಾಡಿ ಕಾಯುವುದು ಒಳ್ಳೆಯದು.

ಅಂಗಡಿಯವರು ಕೇಳಬೇಕಾದ ಪ್ರಶ್ನೆ

ಮೀನು ಸತ್ತಿತು ಎಂದು ಬಂದವರಿಗೆ ಔಷಧಿ ಕೊಡುವ ಮೊದಲು ನಾಲ್ಕು ವಿಷಯ ಕೇಳಿದರೆ ಅರ್ಧ ಜಗಳ ಕಡಿಮೆ. ಬಾವಿಯೋ ಬೋರೋ? ನೀರು ಎಷ್ಟು ಬದಲಿಸಿದ್ದು? ಎಷ್ಟು ಹೊತ್ತು ಇಟ್ಟು ಹಾಕಿದ್ದು? ಬಾವಿಗೆ ಪೌಡರ್ ಅಥವಾ ತೋಟಕ್ಕೆ ಮದ್ದು ಇತ್ತೀಚೆಗೆ ಹಾಕಿದ್ದಾ? ಒಂದು ಬಾಟಲಿ ನೀರು ತರಲು ಹೇಳಿ ಪಿಎಚ್, ಕೆಎಚ್, ಅಮೋನಿಯಾ ನೋಡಿ ಕೊಡುವ ಅಂಗಡಿಗೆ ಗಿರಾಕಿ ತಿರುಗಿ ಬರುತ್ತಾರೆ. ಬಾಟಲಿಯಲ್ಲಿ ಇಟ್ಟ ನೀರಿನ ಪಿಎಚ್ ದಾರಿಯಲ್ಲೇ ಬದಲಾಗಬಹುದು, ಬಾಯಿ ತನಕ ತುಂಬಿಸಿ ಮುಚ್ಚಳ ಬಿಗಿ ಮಾಡಿ ತರಲು ಹೇಳಬೇಕು.

ಅಂಗಡಿಯ ನೀರು ಪೇಟೆಯ ನಲ್ಲಿಯದ್ದಾಗಿ ಗಿರಾಕಿಯ ನೀರು ಬಾವಿಯದ್ದಾದರೆ ಅದನ್ನೂ ತಿಳಿಸಬೇಕು. ಮೀನಿನ ಚೀಲವನ್ನು 15ರಿಂದ 20 ನಿಮಿಷ ಟ್ಯಾಂಕ್‌ನಲ್ಲಿ ತೇಲಿಸಿ, ಆಮೇಲೆ ಅರ್ಧ ಗಂಟೆಯಲ್ಲಿ ಸ್ವಲ್ಪ ಸ್ವಲ್ಪವೇ ಟ್ಯಾಂಕ್ ನೀರು ಚೀಲಕ್ಕೆ ಸೇರಿಸಿ ಬಿಡಲು ಹೇಳುವುದು ಅಂಗಡಿಯವರ ಕೆಲಸ.

ಮೀನಿನ ಕಿಟ್ ಮನೆಯವರಿಗೂ ಬೇಕು

ಕೊನೆಯದು ಮೀನಿನ ವಿಷಯ ಮಾತ್ರ ಅಲ್ಲ. ಅಕ್ವೇರಿಯಂ ಕಿಟ್‌ನಲ್ಲಿ ನೈಟ್ರೇಟ್ ಪರೀಕ್ಷೆ ಇದ್ದರೆ ಟ್ಯಾಂಕ್ ನೀರಿನ ಜೊತೆಗೆ ಬಾವಿಯಿಂದ ನೇರ ತಂದ ನೀರನ್ನೂ ಒಮ್ಮೆ ನೋಡಿ. ಟ್ಯಾಂಕ್‌ನಲ್ಲಿ ನೈಟ್ರೇಟ್ ಇರುವುದು ಸಹಜ, ಅದು ಮೀನಿನದ್ದು. ಬಾವಿಯ ನೀರಿನಲ್ಲೇ ಹೆಚ್ಚು ತೋರಿಸಿದರೆ ಅದು ಬರುವುದು ಗೊಬ್ಬರದಿಂದ, ಹಟ್ಟಿಯ ಗುಂಡಿಯಿಂದ, ಇಲ್ಲ ಪಾಯಿಖಾನೆ ಗುಂಡಿಯಿಂದ.

ಕುಡಿಯುವ ನೀರಿನಲ್ಲಿ ನೈಟ್ರೇಟ್‌ನ ಮಿತಿ ಲೀಟರ್‌ಗೆ 45 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಿನ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಆರು ತಿಂಗಳ ಒಳಗಿನ ಮಕ್ಕಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕಡಿಮೆಯಾಗುತ್ತದೆ, ಮೈ ನೀಲಿಯಾಗುವುದೂ ಉಂಟು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ದಪ್ಪವಾಗುತ್ತದೆ. ನೈಟ್ರೇಟ್ ಗುಂಡಿಯಿಂದ ಬರುತ್ತಿದ್ದರೆ ಅದರ ಜೊತೆಗೆ ಹೊಟ್ಟೆ ಕೆಡಿಸುವ ಕ್ರಿಮಿಯೂ ಬರುವ ಸಾಧ್ಯತೆ ಉಂಟು. ಬಾವಿಗೂ ಗುಂಡಿಗೂ ಕಡಿಮೆ ಎಂದರೆ 15 ಮೀಟರ್, ಅಂದರೆ 50 ಅಡಿ ಅಂತರ ಬೇಕು ಎಂಬ ನಿಯಮ ಇರುವುದು ಇದಕ್ಕೇ. ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಗುಂಡಿ ಮೂರೂ ಇರುವಲ್ಲಿ ಈ ಅಂತರ ಸಿಗುವುದು ಕಷ್ಟ.

ಅಕ್ವೇರಿಯಂ ಕಿಟ್‌ನ ಬಣ್ಣ ನೋಡಿ ಕುಡಿಯುವ ನೀರಿನ ತೀರ್ಮಾನ ಮಾಡಲಾಗದು, ಅದು ಸೂಚನೆ ಮಾತ್ರ. ಸಂಶಯ ಬಂದರೆ ಗ್ರಾಮ ಪಂಚಾಯತ್‌ನಲ್ಲಿ ವಿಚಾರಿಸಿ. ಜಲ ಜೀವನ್ ಮಿಷನ್‌ನಡಿ ನೀರು ಪರೀಕ್ಷಿಸುವ ಕಿಟ್ ಕೊಟ್ಟು ಊರಿನ ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ಕಿಟ್‌ನಲ್ಲೂ ಸಂಶಯ ಕಂಡರೆ ಗ್ರಾಮೀಣ ಕುಡಿಯುವ ನೀರು ವಿಭಾಗದ ಪ್ರಯೋಗಾಲಯಕ್ಕೆ ಮಾದರಿ ಕೊಡಬೇಕು. ಅದು ಬರುವ ತನಕ ಸಣ್ಣ ಮಗುವಿಗೆ ಆ ಬಾವಿಯ ನೀರು ಬೇಡ, ಟ್ಯಾಂಕ್‌ಗೂ ಬೇಡ.